ನಡುವಿನ ನೀರಿನ ಹೆಸರು

ಫೆಬ್ರವರಿ ೧೧, ಬುಧವಾರ

ನಮ್ಮ ಮೂರು ದ್ವೀಪಗಳಿಗೆ ಯಾವನೋ ಹಡಗಿನ ಕಪ್ತಾನ ತನ್ನ ಮೂವರು ಹೆಣ್ಣುಮಕ್ಕಳ ಹೆಸರಿಟ್ಟು ಹೋಗಿದ್ದಾನೆ. ಅವನ್ನು ತೆಗೆಸಿ ನಮ್ಮ ಭಾಷೆಯ ಹೆಸರು ಹಾಕಿಸುವ ಅರ್ಜಿಗೆ ನಾಳೆಯೇ ಕೊನೆಯ ದಿನ. ಉಲಾಯು ಅಜ್ಜಿಯನ್ನು ಕೇಳಿದರೆ, ಹೆಪ್ಪುಗಟ್ಟಿದ ಮೀನು ಹೆರೆಯುತ್ತಾ ನಕ್ಕಳು.

"ದ್ವೀಪಕ್ಕೆ ಯಾಕೇ ಹೆಸ್ರು? ಅದೇನು ಓಡಿಹೋಗುತ್ತಾ? ನಡುವೆ ಇರೋ ನೀರಿನ ಹೆಸ್ರು ಬರಿ. ಔಕ್ಕರ್ನಿಕ್. ಎಂಥಾ ಚಳಿಗೂ ಅಲ್ಲಿ ಮೇಲಿನ ಮಂಜುಗಡ್ಡೆ ಗಟ್ಟಿಯಾಗಲ್ಲ, ಕಾಲಿಟ್ರೆ ಒಡೆಯುತ್ತೆ. ನಿಮ್ಮ ತಾತ ಜಾರುಬಂಡಿ, ನಾಯಿಗಳ ಸಮೇತ ಮುಳುಗಿದ್ದು ಅಲ್ಲೇ."

"ಅರ್ಜೀಲಿ ನೀರಿಗೆ ಜಾಗಾನೇ ಇಲ್ಲ ಅಜ್ಜಿ."

"ಹಾಗಾದ್ರೆ ಆ ಅರ್ಜಿ ಮಾಡಿದೋನು ಒಂದ್ಸಲ ಅಲ್ಲಿ ನಡ್ಕೊಂಡು ಹೋಗ್ಲಿ."

ಈಗಷ್ಟೇ ಮೂರು ಖಾನೆಗಳಿಗೂ ಅಡ್ಡಲಾಗಿ, ದಪ್ಪ ಅಕ್ಷರದಲ್ಲಿ, ಔಕ್ಕರ್ನಿಕ್ ಎಂದೇ ಬರೆದೆ. ವಾಪಸ್ ಕಳಿಸಿದರೆ ಮತ್ತೆ ಅದನ್ನೇ ಬರೆಯುತ್ತೇನೆ. ಕಪ್ತಾನನ ಹೆಣ್ಣುಮಕ್ಕಳು ಇನ್ನಷ್ಟು ದಿನ ನಕ್ಷೆಯಲ್ಲಿ ಕೂತಿರಲಿ, ಪಾಪ. ಅವರು ಯಾರನ್ನೂ ನುಂಗಿಲ್ಲ.