ಬ್ರೇಕಿನ ಪೈಪ್ ಒಡೆದದ್ದು ನಾನೇ

ಪುಟ್ಟಿ,

ಜೀಪನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡ, ಬ್ರೇಕ್ ಇಲ್ಲ. ಬ್ರೇಕಿನ ಎಣ್ಣೆಯೆಲ್ಲ ನೆಲದ ಮೇಲಿದೆ. ಮರದ ಹೊಟ್ಟು ಚೆಲ್ಲಿದ್ದೇನೆ, ಆದರೂ ಜಾರೀಯ, ಜೋಕೆ.

ತುಕ್ಕಿನ ಗುಡ್ಡೆಯಾಗಿದ್ದ ಈ ಮುದಿ ಜೀಪಿಗೆ ನೀನೂ ಅಪ್ಪನೂ ಹಾಕಿದ ಪ್ರತಿಯೊಂದು ನಟ್ಟನ್ನು, ಮೂರು ವರ್ಷದಿಂದ, ನಿಮ್ಮ ಬೆನ್ನ ಹಿಂದೆ ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದವಳು ನಾನು. ಇವತ್ತು ನೀನು ಮೊದಲ ಸಲ ಅದನ್ನು ರಸ್ತೆಗೆ ಇಳಿಸುತ್ತೀಯಲ್ಲ ಎಂದು ಬೆಳಿಗ್ಗೆ ಬ್ರೇಕಿನ ಪೈಪಿನ ನಟ್ಟನ್ನು ಎರಡು ಸುತ್ತು ತಿರುಗಿಸಿದೆ. ಪೈಪ್ ಫಟ್ಟೆಂದು ಸೀಳಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮ ಮನೆಯ ದೊಣ್ಣೆ ಪದವೀಧರೆ ಬೇರೆ.

ಅಪ್ಪ ಆಗಲೇ ಬಿದ್ದು ಬಿದ್ದು ನಕ್ಕಾಯಿತು. "ಮದುವೆ ದಿನ ನನ್ನ ಶರ್ಟಿನ ಗುಂಡೀನೂ ಎಳೆದೆಳೆದು ನೋಡಿದೋಳಲ್ವೇನೇ ನೀನು!"

ನೀನು ನಗುವುದಿಲ್ಲ. "ಬೇಕೂಂತಲೇ ಮಾಡಿದ್ಯಲ್ವಾಮ್ಮ?" ಎಂದು ಕೇಳುತ್ತೀಯ. ಇಲ್ಲ ಕಣೇ, ಬೇಕೆಂದು ಮಾಡಲಿಲ್ಲ. ಆದರೆ ಎಣ್ಣೆ ಸೋರುವುದನ್ನು ನೋಡುತ್ತಾ, ಇವತ್ತು ನೀನು ಹೋಗಲಾರೆ ಎಂದು ಒಂದು ಕ್ಷಣ ನನ್ನ ಎದೆ ಹಗುರಾಯಿತು. ಆ ಕ್ಷಣ ನೆನೆದರೆ ನಾಚಿಕೆಯಾಗುತ್ತದೆ. ಅದಕ್ಕೇ ಅಪ್ಪನನ್ನು ಕಳಿಸದೆ, ಒಡೆದ ತುಂಡನ್ನು ಕೈಚೀಲಕ್ಕೆ ಹಾಕಿಕೊಂಡು, ಹೊಸ ಪೈಪ್ ಮಾಡಿಸಲು ನಾನೇ ಬಸ್ಸು ಹತ್ತುತ್ತಿದ್ದೇನೆ.

ಮಧ್ಯಾಹ್ನದೊಳಗೆ ಬರುತ್ತೇನೆ. ಜೋಡಿಸುವವಳು ನೀನೇ, ಓಡಿಸುವವಳೂ ನೀನೇ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಕಣ್ಣೂ ಮುಚ್ಚಿದ್ದರೆ ಕ್ಷಮಿಸು.

ಅಮ್ಮ