ಒಂದೂ ಬಿರುಕಿಲ್ಲದ ಗಾಜು

ಇವಾಸೆ ಬಂದರು ಕೇರಿ, ತೊಯಾಮಾ
ಜುಲೈ 14, 1999

ಮಗಳೆ ಚಿಹಾರು,

ನಿನ್ನ ಅಂಗೈಯ ಸುಟ್ಟ ಗಾಯ ಪೂರ್ತಿ ಮಾಯಿತೇ? ಹೋದ ಸಲ ಬರೆದಾಗ "ಸಣ್ಣದು ಅಪ್ಪ" ಎಂದಿದ್ದೆ. ಕುಲುಮೆಯ ಮುಂದೆ ನಿಲ್ಲುವವರ ಸಣ್ಣದು ಎಷ್ಟು ದೊಡ್ಡದಿರುತ್ತದೆಂದು ನನಗೆ ಗೊತ್ತು. ಗಾಜಿನ ಪುಡಿ ಉದುರಿಸುವಾಗ ಮೂಗಿಗೆ ಮುಸುಕು ಕಟ್ಟಿಕೊಳ್ಳುತ್ತೀ ತಾನೆ? ನೀನಿರುವ ಉತ್ತರದ ಓತಾರುವಿನಲ್ಲಿ ಬೇಸಗೆ ತಂಪಾಗಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಕಿಟಕಿ ಮುಚ್ಚಿಕೊಂಡು ಕೆಲಸ ಮಾಡುತ್ತೀಯೇನೋ ಎಂದು ಅದೂ ಒಂದು ಯೋಚನೆ. ಇಲ್ಲಿ ಸೆಕೆಗೆ ಚಾಪೆಯೂ ಬೆವರುತ್ತಿದೆ. ನಿನ್ನ ಅಮ್ಮನ ಮೊಣಕಾಲಿನ ನೋವು ಇಳಿದಿದೆ, ಬಾಯಿ ಏರಿದೆ. ಬೆಳಗ್ಗೆ ಕೇರಿಯ ಹೆಂಗಸರ ಜೊತೆ ಕುಣಿತದ ಅಭ್ಯಾಸಕ್ಕೆ ಹೋಗುತ್ತಾಳೆ, ಮಧ್ಯಾಹ್ನ ಬಂದು ನನ್ನನ್ನು ಕುಣಿಸುತ್ತಾಳೆ. ಕಡಲಪಾಚಿ ಸುತ್ತಿದ ಮೀನಿನ ಕಡುಬನ್ನು ನಿನಗೆ ಬೇರೆ ಕಟ್ಟಿನಲ್ಲಿ ಕಳಿಸಿದ್ದಾಳೆ. ಒಬ್ಬಳೇ ತಿನ್ನಬೇಕಂತೆ, ಗೆಳತಿಯರಿಗೆ ಹಂಚಬಾರದಂತೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇದೇ ವಿಷಯವಾಗಿ ನಿನಗೆ ಮೊದಲೂ ಬರೆದಿದ್ದೆ. ನೀನು ಉತ್ತರವನ್ನೂ ಬರೆದೆ. ಹೆರಿಂಗ್ ಮೀನು ಈ ವರ್ಷ ದಪ್ಪವಾಗಿದೆ ಎಂದು ಬರೆದೆ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನು ಬರೆದೆ, ನನ್ನ ರಕ್ತದೊತ್ತಡದ ಮಾತ್ರೆಯ ಬಗ್ಗೆ ಬುದ್ಧಿ ಹೇಳಿದೆ. ನಾನು ಕೇಳಿದ ಒಂದಕ್ಕೆ ಮಾತ್ರ ಉತ್ತರವಿಲ್ಲ. ನಿನ್ನ ಅಪ್ಪ ಜೀವಮಾನವೆಲ್ಲ ಪತ್ರಿಕೆಯ ಪ್ರೂಫ್ ತಿದ್ದಿದವನು. ಬರೆದದ್ದಕ್ಕಿಂತ ಬಿಟ್ಟದ್ದು ಅವನ ಕಣ್ಣಿಗೆ ಬೇಗ ಬೀಳುತ್ತದೆ.

ಹೋದ ಚಳಿಗಾಲದಲ್ಲಿ ಕೇರಿಯಲ್ಲಿ ಮನೆಯಿಂದ ಮನೆಗೆ ದಾಟುವ ಸುತ್ತೋಲೆಯ ಹಲಗೆಯಲ್ಲಿ ಒಂದು ಸೂಚನೆ ಬಂದಿತ್ತು. ನಮ್ಮ ಸಭಾಭವನಕ್ಕೆ ಗಾಜಿನ ದೊಡ್ಡ ಫಲಕವೊಂದನ್ನು ಮಾಡಿಸುತ್ತಾರೆ, 1945ರ ವಾಯುದಾಳಿಯ ನೆನಪಿಗೆ. ಮಾಡುವವರು ಕುರಾಮಿತ್ಸು, ನಿನ್ನ ಗಾಜಿನ ಶಾಲೆಯಲ್ಲಿ ನಿನಗಿಂತ ಮುಂದಿನ ತರಗತಿಯಲ್ಲಿದ್ದ ಹೆಂಗಸು. ಪ್ರತಿ ಮನೆಯವರೂ ಒಂದು ತುಂಡು ಗಾಜು ಕೊಡಬೇಕು, ಒಡೆದದ್ದಾಗಲಿ, ಸುಟ್ಟದ್ದಾಗಲಿ, ಬೇಡವಾದದ್ದಾಗಲಿ. ಕುಲುಮೆಯಲ್ಲಿ ಎಲ್ಲವೂ ಬೆಸೆದು ಒಂದೇ ಗಾಜಾಗುತ್ತದೆ ಎಂದಿತ್ತು. ಜನ ಹುರುಪಿನಿಂದ ಕೊಟ್ಟರು. ಸಾಕೆ ಮದ್ಯದ ಬಾಟಲಿ, ಕಿಟಕಿಯ ಚೂರು, ಕನ್ನಡಕದ ಗಾಜು, ಮೀನುಬಲೆಗೆ ಕಟ್ಟುವ ಗಾಜಿನ ಗುಂಡು, ನಮ್ಮದು ಔಷಧಿ ತಯಾರಿಕೆಯ ಊರಾದ್ದರಿಂದ ಔಷಧಿ ಬಾಟಲಿಗಳಂತೂ ಬುಟ್ಟಿಗಟ್ಟಲೆ. ನಾನು ಫುಮಿಯನ್ನು ಕೊಟ್ಟೆ.

ಹೌದು, ಆ ನೀಲಿ ಮುದ್ದೆಯನ್ನು. ನನ್ನ ತಂಗಿ ಫುಮಿಯ ಕೆಮ್ಮಿನ ಔಷಧಿಯ ಬಾಟಲಿ ಅದು. ದಾಳಿಯ ಮರುದಿನ ನನ್ನ ಅಮ್ಮ ಪೇಟೆಯ ನಮ್ಮ ಮನೆಯ ಬೂದಿಯನ್ನು ಕೈಯಲ್ಲೇ ಕೆದಕಿದಳು. ಮಗು ಸಿಗಲಿಲ್ಲ. ಮಗುವಿನ ತಲೆದೆಸೆಯಲ್ಲಿ ಇರುತ್ತಿದ್ದ ಬಾಟಲಿ ಸಿಕ್ಕಿತು, ಕುತ್ತಿಗೆ ಮಡಚಿಕೊಂಡು ಮಲಗಿದ ಹಾಗೆ, ಹೆಂಚಿನ ಚೂರೊಂದನ್ನು ಅಪ್ಪಿಕೊಂಡು. ನಾನು ಏಳು ವರ್ಷದವನು, ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಸಾಯುವ ತನಕ ಅದು ಬುದ್ಧಪೀಠದ ಮುಂದೆ ಇತ್ತು, ನಿನಗೆ ನೆನಪಿದೆ. ಅದರ ಹತ್ತಿರ ಮೇಣದಬತ್ತಿ ಹಚ್ಚಲು ಬಿಡುತ್ತಿರಲಿಲ್ಲ. ನೀನು ಚಿಕ್ಕವಳಿದ್ದಾಗ ಅದನ್ನು ಇದ್ದಿಲೊಲೆಯ ಪಕ್ಕ ಇಟ್ಟು ಆಡುತ್ತಿದ್ದೆ. ಅಜ್ಜಿ ಎತ್ತಿ ಮಡಿಲಿಗೆ ಹಾಕಿಕೊಂಡು, "ಒಂದ್ ಸಲ ಬೆಂದಿದೆ ಕಂದಾ, ಸಾಕು" ಎಂದಳು. ಬಾಟಲಿಯನ್ನೂ, ನಿನ್ನನ್ನೂ.

ಅದನ್ನು ಯಾಕೆ ಕೊಟ್ಟಿರಿ ಎಂದು ನಿನ್ನ ಅಮ್ಮ ಈಗಲೂ ಕೇಳುತ್ತಾಳೆ. ಫುಮಿಗೆ ಸಮಾಧಿಯಿಲ್ಲ, ಇಡಲು ಒಂದು ಮೂಳೆಯೂ ಸಿಗಲಿಲ್ಲ. ಊರಿನವರ ಗಾಜಿನ ಜೊತೆ ಬೆರೆತು ಬೆಳಕು ಬೀಳುವ ಜಾಗದಲ್ಲಿ ನಿಲ್ಲಲಿ ಎಂದುಕೊಂಡೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ.

ಮೇ ತಿಂಗಳಲ್ಲಿ ಫಲಕ ಬಂತು. ಆಳೆತ್ತರ, ಕಿಟಕಿಯಿಂದ ಮೊಳ ದೂರದಲ್ಲಿ ಚೌಕಟ್ಟಿನ ಮೇಲೆ ನಿಲ್ಲಿಸಿದ್ದಾರೆ. ಹಸಿರು, ನೀಲಿ, ಜೇನಿನ ಬಣ್ಣ. ನದಿ ಹರಿದ ಹಾಗೆ. ಸುಂದರವಾಗಿದೆ, ಅಲ್ಲವೆನ್ನುವುದಿಲ್ಲ. ಒಂದೂ ಬಿರುಕಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಕಲಿಯುತ್ತಿದ್ದ ದಿನಗಳಲ್ಲಿ ನೀನು ಅಡುಗೆಮನೆಯ ಮೇಜಿನ ಮೇಲೆ ಎರಡು ತುಂಡು ಗಾಜಿಟ್ಟುಕೊಂಡು ನನಗೆ ಪಾಠ ಹೇಳಿದ್ದೆ. ಬೇರೆ ಬೇರೆ ಕಾರ್ಖಾನೆಯ ಗಾಜು ಕುಲುಮೆಯಲ್ಲಿ ಒಂದಾದ ಹಾಗೆ ಕಾಣುತ್ತದೆ. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಒಂದು ಕಡಿಮೆ. ಎಷ್ಟೇ ನಿಧಾನವಾಗಿ ಆರಿಸಿದರೂ ಆ ಜಗಳ ಒಳಗೇ ಉಳಿಯುತ್ತದೆ, ಇವತ್ತಲ್ಲ ನಾಳೆ ಸೀಳುತ್ತದೆ. ಅದಕ್ಕೇ ಬೆಸೆಯುವವರು ಒಂದೇ ಕುಲದ ಗಾಜನ್ನು ಕೊಂಡು ತರುತ್ತಾರೆ ಎಂದಿದ್ದೆ. ಹಾಗಾದರೆ ಸಾಕೆ ಬಾಟಲಿಯೂ ಔಷಧಿ ಬಾಟಲಿಯೂ ಕಿಟಕಿಯ ಗಾಜೂ ಈ ಫಲಕದಲ್ಲಿ ಇಷ್ಟು ಸೌಖ್ಯವಾಗಿ ಸಂಸಾರ ಮಾಡುತ್ತಿರುವುದು ಹೇಗೆ? ನಾನು ನಿನ್ನನ್ನು ಕೇಳಿದ್ದು ಇಷ್ಟೇ. ನೀನು ಬೆಕ್ಕಿನ ಮರಿಯ ಬಗ್ಗೆ ಬರೆದೆ.

ಗಾಜಿನವರೆಲ್ಲ ಒಂದೇ ಮನೆಯವರು, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದುಕೊಂಡು ನಾನೇ ಪರೀಕ್ಷೆಗಿಳಿದೆ. ನಿನ್ನ ಹಳೆಯ ಪೆಟ್ಟಿಗೆಯಲ್ಲಿ ಆ ಎರಡು ಬೂದು ಪ್ಲಾಸ್ಟಿಕ್ ಹಾಳೆಗಳಿದ್ದವು. ಒಂದರ ಮೇಲೊಂದಿಟ್ಟು ತಿರುಗಿಸಿದರೆ ಬೆಳಕನ್ನೇ ತಡೆದು ಕಪ್ಪಾಗುತ್ತವಲ್ಲ, ಅವು. ನಡುವೆ ಹಿಡಿದ ಗಾಜಿನೊಳಗೆ ಎಳೆದಾಟವಿದ್ದರೆ ಅಷ್ಟು ಜಾಗ ಮಾತ್ರ ಕಪ್ಪಿನಲ್ಲಿ ಬೆಳ್ಳಗೆ ಹೊಳೆಯುತ್ತದೆ ಎಂದು ನೀನೇ ತೋರಿಸಿದ್ದು. ಸಭಾಭವನಕ್ಕೆ ಹೋಗಿ ಒಂದು ಹಾಳೆಯನ್ನು ಫಲಕದ ಹಿಂದೆ, ಒಂದನ್ನು ಮುಂದೆ ಹಿಡಿದು ಗೇಣು ಗೇಣಾಗಿ ನೋಡುತ್ತಾ ಬಂದೆ. ಕೇರಿಯ ಮುಖಂಡ ಇಶಿಗುರೊ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಏನಯ್ಯಾ ಕಿಯೋಹಿಕೊ, ಗಾಜಿಗೆ ಜ್ವರ ನೋಡ್ತಿದ್ದೀಯಾ? ಥರ್ಮಾಮೀಟರ್ ತರ್ಲಾ?" ಎಂದ. ಎಲ್ಲಿಯೂ ಹೊಳೆಯಲಿಲ್ಲ. ಬಣ್ಣಕ್ಕೆ ಬಣ್ಣ ಸೇರುವ ಅಂಚಿನಲ್ಲೂ ಇಲ್ಲ. ಕತ್ತಲೆ, ಬರೀ ಕತ್ತಲೆ. ನಿನ್ನ ಪಾಠದ ಪ್ರಕಾರ ಅದಕ್ಕೆ ಅರ್ಥ ಒಂದೇ: ಇಡೀ ಫಲಕ ಒಂದೇ ಕಾರ್ಖಾನೆಯ ಗಾಜು. ನಮ್ಮ ಕೇರಿಯದು ಒಂದು ಕಣವೂ ಅದರಲ್ಲಿಲ್ಲ. ಗೋಡೆಯ ಮೇಲಿನ ಚೀಟಿಯಲ್ಲಿ ಮಾತ್ರ "ಎಲ್ಲರ ಗಾಜೂ ಬೆರೆತು ಆದದ್ದು" ಎಂದು ಅಚ್ಚಾಗಿದೆ. ಇಶಿಗುರೊಗೆ ಹೇಳಿದೆ. "ನೋಡೋಕೆ ಚೆನ್ನಾಗಿದೆ ತಾನೇ? ನಿನಗೆ ಸೂರ್ಯನಲ್ಲೂ ಅಕ್ಷರದೋಷ ಕಾಣುತ್ತೆ ಬಿಡು" ಎಂದು ನಕ್ಕ. ನಾನು ನಗಲಿಲ್ಲ. ಯುದ್ಧದ ಕಾಲದಲ್ಲೂ ಹೀಗೇ ಮನೆ ಮನೆಯಿಂದ ಪಾತ್ರೆ, ಗಂಟೆ, ಬಾಗಿಲ ಹಿಡಿಕೆ ಕೇಳಿ ಒಯ್ದರು. ಅದೆಲ್ಲ ಏನಾಯಿತೆಂದು ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ. ಕೊಟ್ಟ ಮೇಲೆ ಕೇಳಬಾರದು ಎನ್ನುವ ಈ ಊರಿನ ಮರ್ಯಾದೆ ನನಗೆ ಆಗ ಅರ್ಥವಾಗಿರಲಿಲ್ಲ, ಈಗ ಒಪ್ಪಿಗೆಯಿಲ್ಲ.

ಅಲ್ಲಿ ಇನ್ನೊಂದು ನಡೆಯುತ್ತಿದೆ. ಬಂದವರೆಲ್ಲ ಫಲಕದಲ್ಲಿ ತಮ್ಮ ತಮ್ಮ ಗಾಜನ್ನು ಗುರುತು ಹಿಡಿಯುತ್ತಾರೆ. ಇದು ನಮ್ಮ ಕಿಟಕಿ, ಇದು ನಮ್ಮ ದೋಣಿಯ ಗುಂಡು. ಎದುರುಮನೆಯ ಉಮೆನೊ ಅಜ್ಜಿ ದಿನವೂ ಬಂದು ಕೆಳಗಿನ ಮೂಲೆಯ ಹಸಿರಿನ ಮೇಲೆ ಬೆರಳಿಟ್ಟು, "ನಮ್ಮೋರ ಸಾಕೆ ಬಾಟ್ಲಿ, ಸತ್ತ ಮೇಲೂ ಹೊಳೀತಿದ್ದಾರೆ ನೋಡು" ಎನ್ನುತ್ತಾಳೆ. ಆಕೆಗಾದರೂ ನಿಜ ಗೊತ್ತಾಗಲಿ ಎಂದು ಪಕ್ಕಕ್ಕೆ ಕರೆದು ಹಾಳೆಗಳ ವಿಷಯವನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿದಳು. "ಗೊತ್ತು ಕಣೋ ಕಿಯೋ. ನಮ್ಮನೆ ಬಾಟ್ಲಿ ಕಂದು ಬಣ್ಣದ್ದು" ಎಂದಳು. ಮತ್ತೆ ಯಾಕಜ್ಜಿ ದಿನಾ ಬರುತ್ತೀ ಎಂದೆ. "ಮನೇಲಿ ಕೂತು ಆ ಕುಡುಕನ್ನ ನೆನೆಸಿಕೊಂಡ್ರೆ ಸೊಸೆ ಬೈತಾಳೆ. ಇಲ್ಲಿ ಯಾರೂ ಬೈಯಲ್ಲ" ಎಂದು ಹೊರಟೇ ಹೋದಳು. ಮೋಸ ಹೋದವರಿಗೆ ಬೇಸರವಿಲ್ಲದಿದ್ದರೆ ಮೋಸ ಮೋಸವಲ್ಲವೇ?

ಮೊನ್ನೆ ಕುರಾಮಿತ್ಸು ಅವರ ಕಾರ್ಯಾಗಾರಕ್ಕೇ ಹೋದೆ. ಕುಲುಮೆಯ ತಟ್ಟೆಗೆ ಬಿಳಿಯ ಪುಡಿಯನ್ನು ಕಲಸಿ ಅಗಲವಾದ ಕುಂಚದಲ್ಲಿ ಬಳಿಯುತ್ತಿದ್ದರು, ಗಾಜು ತಟ್ಟೆಗೆ ಅಂಟದಿರಲಿ ಎಂದು. ನನ್ನ ಕೈಯಲ್ಲಿದ್ದ ಬೂದು ಹಾಳೆಗಳನ್ನು ಕಂಡು ಕುಂಚ ಕೆಳಗಿಟ್ಟರು. "ನೀವು ಬರ್ತೀರಾ ಅಂತ ಗೊತ್ತಿತ್ತು ಯಜಮಾನ್ರೇ. ಇಷ್ಟು ತಡ ಮಾಡ್ತೀರಾ ಅಂತ ಗೊತ್ತಿರ್ಲಿಲ್ಲ" ಎಂದರು. ಒಂದು ಸುಳ್ಳನ್ನೂ ಹೇಳಲಿಲ್ಲ. ಸಿಟ್ಟನ್ನು ಸಿದ್ಧಮಾಡಿಕೊಂಡು ಹೋದವನಿಗೆ ಅದೂ ಒಂದು ತೊಂದರೆ. ಹಿತ್ತಿಲಿಗೆ ಕರೆದೊಯ್ದು ಗೋಡೆಗೆ ಒರಗಿಸಿದ್ದ ಒಂದರ ಮೇಲಿನ ಕಂಬಳಿ ತೆಗೆದರು. ಮೊದಲು ಮಾಡಿದ ಫಲಕ. ಅದರಲ್ಲಿ ನಿಜವಾಗಿಯೂ ನಮ್ಮೆಲ್ಲರ ಗಾಜಿದೆ. ಸೀಳುತ್ತದೆಂದು ಗೊತ್ತಿದ್ದೂ ಮಾಡಿದರಂತೆ. ಚೂರುಗಳನ್ನು ಪುಡಿಮಾಡಿ ಚದುರಿಸಿದರೆ, ವಾರಗಟ್ಟಲೆ ನಿಧಾನವಾಗಿ ಆರಿಸಿದರೆ, ಹೇಗೋ ಹೊಂದಿಕೊಳ್ಳಬಹುದೆಂಬ ಆಸೆ. "ಕೊಟ್ಟ ಮಾತು ನೋಡಿ" ಎಂದರು. ಕುಲುಮೆಯಿಂದ ಇಡಿಯಾಗಿಯೇ ಹೊರಗೆ ಬಂತಂತೆ. ಮುಖಂಡರಿಗೆ ಫೋನ್ ಮಾಡಲು ಒಳಗೆ ಹೋದಾಗ ಬೆನ್ನ ಹಿಂದೆ ಟಿಣ್ ಎಂದಿತಂತೆ. ಆಮೇಲೆ ಅದು ಸೀಳುವುದು ನಿಂತೇ ಇಲ್ಲ, ಈಗಲೂ ಒಮ್ಮೊಮ್ಮೆ ಸದ್ದು ಬರುತ್ತದಂತೆ. ಸಭಾಭವನದ್ದು ಅಂಗಡಿಯ ಗಾಜು. ಚೀಟಿ ಬದಲಿಸಿ ಎಂದು ತಾವು ಕೇಳಿದ್ದಾಗಿಯೂ, ಬೇಡವೆಂದದ್ದು ಇಶಿಗುರೊ ಎಂದೂ ಹೇಳಿದರು. ಇದನ್ನು ನಾನು ನಂಬುತ್ತೇನೆ. ಇಶಿಗುರೊನನ್ನು ಒಂದನೇ ತರಗತಿಯಿಂದ ಬಲ್ಲೆ.

ನಾನು ಬಗ್ಗಿ ಆ ಒಡಕು ಫಲಕದಲ್ಲಿ ಫುಮಿಯನ್ನು ಹುಡುಕಿದೆ. ಉಮೆನೊ ಅಜ್ಜಿಯ ಕಂದು ಸಿಕ್ಕಿತು. ಬೇರೆ ನೀಲಿಗಳೂ ಇದ್ದವು, ನಮ್ಮ ನೀಲಿ ಇರಲಿಲ್ಲ. ಎಷ್ಟೋ ಹೊತ್ತು ಹುಡುಕಿದ್ದನ್ನು ನೋಡಿ ಕುರಾಮಿತ್ಸು, "ಅದನ್ನ ಹಾಕ್ಲೇ ಇಲ್ಲ ಯಜಮಾನ್ರೇ. ಒಂದ್ ಸಲ ಬೆಂದಿದೆಯಲ್ಲ, ಸಾಕು" ಎಂದರು. ಹಾಗಾದರೆ ಎಲ್ಲಿದೆ, ಕೊಡಿ ಎಂದೆ. "ಜೋಪಾನವಾಗಿದೆ" ಎಂದು ಚಹಾ ಬಗ್ಗಿಸಿದರು. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಚಹಾ ಬಗ್ಗಿಸಿದರು. ನಿಮ್ಮ ಶಾಲೆಯಲ್ಲಿ ಉತ್ತರ ತಪ್ಪಿಸುವುದನ್ನೂ ಪಾಠವಾಗಿ ಹೇಳಿಕೊಡುತ್ತಾರೇನು?

ದಾಳಿ ನಡೆದ ದಿನವಾದ ಆಗಸ್ಟ್ ಒಂದಕ್ಕೆ ಉದ್ಘಾಟನೆ, ಸಂಜೆ ನದಿಯ ದಂಡೆಯಲ್ಲಿ ಬಾಣಬಿರುಸು ಹಾರಿಸುವ ಮುಂಚೆ. ದಾಳಿಯನ್ನು ಕಣ್ಣಾರೆ ಕಂಡವನೆಂದು ನನ್ನನ್ನು ಮಾತಾಡಲು ಕರೆದಿದ್ದಾರೆ. ಆ ಒಡಕು ಫಲಕವನ್ನು ಒಳಗೆ ತಂದು ಈ ಸುಂದರಿಯ ಪಕ್ಕ ನಿಲ್ಲಿಸಬೇಕು, ಚೀಟಿಯಲ್ಲಿ ನಿಜ ಅಚ್ಚಾಗಬೇಕು, ಇಲ್ಲದಿದ್ದರೆ ಅದನ್ನು ನಾನೇ ವೇದಿಕೆಯ ಮೇಲೆ ಹೇಳುತ್ತೇನೆಂದು ಇಶಿಗುರೊಗೆ ತಿಳಿಸಿದ್ದೇನೆ. ಯೋಚನೆ ಮಾಡುತ್ತೇನೆ ಎಂದಿದ್ದಾನೆ. ಅವನು ಯೋಚನೆ ಮಾಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ನನಗೆ ಫಲಕಕ್ಕಿಂತ ಫುಮಿ ಮುಖ್ಯ. ಆ ಹೆಂಗಸು ಅದನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಅಚ್ಚು ತೆಗೆದು ಇನ್ನೊಂದು ಕಲೆಯ ವಸ್ತು ಮಾಡಿ ಎಲ್ಲಾದರೂ ಪ್ರದರ್ಶನಕ್ಕಿಟ್ಟರೆ? ನಿನಗೆ ಪರಿಚಯದವರು, ನೀನೇ ಕೇಳಿ ತರಿಸಿಕೊಡಬೇಕು.

ಕಣ್ಣಿಗೆ ಕಪ್ಪು ಕನ್ನಡಕವಿಲ್ಲದೆ ಕುಲುಮೆಯೊಳಗೆ ಇಣುಕಬೇಡ. ಹೊತ್ತಿಗೆ ಸರಿಯಾಗಿ ತಿನ್ನು. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ಬರೆಯಲು ಹೇಳಿದಳು. ನನ್ನ ಕೈಯೂ ಅದರ ಜೊತೆಗಿದೆ ಎಂದು ತಿಳಿ.

ನಿನ್ನ ಅಪ್ಪ,
ಕಿಯೋಹಿಕೊ

ಮರೆತಿದ್ದು: ಲಕೋಟೆಗೆ ಹಾಕುವ ಮೊದಲು ಹಳೆಯ ಅಭ್ಯಾಸದಂತೆ ಕೆಂಪು ಪೆನ್ಸಿಲ್ ಹಿಡಿದು ಕಾಗದವನ್ನು ಓದಿದೆ. "ಒಂದ್ ಸಲ ಬೆಂದಿದೆ, ಸಾಕು" ಎಂಬ ಒಂದೇ ಮಾತು ಎರಡು ಕಡೆ ಬಂದಿದೆ. ಒಂದು ಕಡೆ ನನ್ನ ಅಮ್ಮನ ಬಾಯಲ್ಲಿ, ಒಂದು ಕಡೆ ಕುರಾಮಿತ್ಸು ಬಾಯಲ್ಲಿ. ಹೊಡೆದುಹಾಕಲು ಹೋದವನು ಪೆನ್ಸಿಲ್ ಕೆಳಗಿಟ್ಟೆ. ಎರಡೂ ನಾನು ಕೇಳಿದ್ದೇ, ತಪ್ಪಿಲ್ಲ. ಆದರೆ ಆ ಮಾತನ್ನು ನಾನು ಕುರಾಮಿತ್ಸು ಅವರಿಗೆ ಹೇಳಿಲ್ಲ. ನಿನ್ನ ಅಮ್ಮ ಅವರನ್ನು ಕಂಡೇ ಇಲ್ಲ. ಅಜ್ಜಿಯ ಮಡಿಲಲ್ಲಿ ಅದನ್ನು ಕೇಳಿಸಿಕೊಂಡವಳು ಒಬ್ಬಳೇ.

ನಿನ್ನ ಹತ್ತಿರ ಇದೆ, ಅಲ್ಲವೇ? ಬೆಕ್ಕಿನ ಸುದ್ದಿ ಬರೆಯಬೇಡ. ಏನನ್ನೂ ಬರೆಯಬೇಡ. ಅಂಚೆಗೂ ಹಾಕಬೇಡ, ಒಂದನೇ ತಾರೀಕಿನೊಳಗೆ ನೀನೇ ತಾ. ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೋ. ರೈಲಿನಲ್ಲಿ ನೆರಳಿನ ಕಡೆಯ ಸೀಟು ಕೇಳಿ ತೆಗೆದುಕೋ, ಬಿಸಿಲು ಬೀಳದ ಹಾಗೆ.