ಶನಿವಾರದ ಕತ್ತಿಯವನು

ಸುವಾ
ಜನವರಿ ೨೧, ೧೯೭೩

ಮುದ್ದಿನ ಕಿನುಕೊಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಕೆರೆ ಪೂರ್ತಿ ಹೆಪ್ಪುಗಟ್ಟಿದೆ. ನಾನು ಚೆನ್ನಾಗಿದ್ದೇನೆ. ನಿನ್ನ ಗಂಡ ಶಿಗೆಹಾರು ಬಂದು ನಮ್ಮಲ್ಲೇ ಉಳಿದುಕೊಂಡಿದ್ದಾನೆ. ನೀನು ಮನೆ ಬಿಟ್ಟು ಹೋದ ಮೇಲೆ ಕುಡಿತ ಬಿಟ್ಟನಂತೆ. ಸೌದೆ ಒಡೆಯುತ್ತಾನೆ, ಮಾಡಿನ ಮೇಲಿನ ಹಿಮ ಕೆಡವುತ್ತಾನೆ. ನನ್ನ ಮೀನಿನ ಚಾಕುಗಳನ್ನೆಲ್ಲ ಮಸೆದು ಹರಿತ ಮಾಡಿದ್ದಾನೆ.

ನಿನ್ನೆ ಶನಿವಾರವಲ್ಲವೆ? ಟಿವಿಯಲ್ಲಿ ನಮ್ಮ ಅಲೆಮಾರಿ ಸಮುರಾಯ್‌ನನ್ನು ಇಬ್ಬರೂ ಕೂತು ನೋಡಿದೆವು. ಅದೇ ಹರಕು ನಿಲುವಂಗಿ, ಅದೇ ಕುರುಚಲು ಗಡ್ಡ, "ನನಗೇನಾಗಬೇಕು?" ಅನ್ನುವ ಅದೇ ಮಾತು. ಹಾಗೆಂದವನು ಊರಾಚೆಯ ಸೇತುವೆಯವರೆಗೆ ಹೋಗಿ, ನಿಂತು, ಹಿಂದಕ್ಕೆ ತಿರುಗಿದನಲ್ಲ, ನನ್ನ ಕಣ್ಣು ತುಂಬಿ ಬಂತು. ನೀನಿದ್ದಿದ್ದರೆ "ಆ ಕೊಳಕನ ಮೇಲೆ ಎಷ್ಟಮ್ಮಾ ನಿನಗೆ ಮೋಹ!" ಎಂದು ರೇಗಿಸುತ್ತಿದ್ದೆ. ದುಡ್ಡಿಗಾಗಿ ಕೊಂದವನು ಅವನು, ಒಳ್ಳೆಯವನಲ್ಲ, ನನಗೂ ಗೊತ್ತು. ಆದರೂ ಯಾರೂ ಇಲ್ಲದವರಿಗೆ ಇವನೊಬ್ಬನಿದ್ದಾನೆ ಅನ್ನಿಸುತ್ತದೆ.

ಶಿಗೆಹಾರುಗೂ ಅವನು ಬಹಳ ಹಿಡಿಸಿದ. "ಗಂಡಸು ಅಂದ್ರೆ ಇವ್ನು ನೋಡಿ ಅತ್ತೆ. ಮಾತಿಲ್ಲ ಕತೆಯಿಲ್ಲ, ಒಂದೇ ಏಟು!" ಅಂದ. ನಾನೂ ನಕ್ಕೆ.

ನಿನ್ನ ಮೇಲೆ ಅವನಿಗೆ ಕೋಪವಿಲ್ಲವಂತೆ. ಬಂದುಬಿಡು ಮಗಳೇ. ಯಾವ ರೈಲಿಗೆ ಬರುತ್ತೀಯೆಂದು ತಿಳಿಸಿದರೆ ಅವನೇ ನಿಲ್ದಾಣಕ್ಕೆ ಬರುತ್ತಾನೆ.

ನಿನ್ನ ಅಮ್ಮ,
ತೊಮಿಯೊ

ಇನ್ನೊಂದು ಮಾತು: ಮೇಲಿನದನ್ನೆಲ್ಲ ಬರೆದದ್ದು ಅವನ ಕಣ್ಣೆದುರಿಗೆ. ಓದಿ ನೋಡಿ, ಈಗ ಸ್ನಾನಕ್ಕೆ ಹೋಗಿದ್ದಾನೆ. ಮೊದಲ ಬಿಸಿನೀರು ಅಳಿಯನಿಗೇ ತಾನೆ. ನೀರು ಹುಯ್ದುಕೊಳ್ಳುವ ಸದ್ದು ಕೇಳುವಷ್ಟು ಹೊತ್ತು ಬರೆಯುತ್ತೇನೆ.

ಬರಬೇಡ ಕಿನುಕೊ. ಕುಡಿತ ಬಿಟ್ಟಿಲ್ಲ. ಮಸೆದ ಚಾಕುಗಳಲ್ಲಿ ಒಂದನ್ನು ಹಿಂದಕ್ಕೆ ಕೊಟ್ಟಿಲ್ಲ, ಅವನ ಹಾಸಿಗೆಯಡಿ ಇದೆ. ನೀನಿರುವ ಊರಿನ ಹೆಸರು ನಾನು ಬಾಯಿ ಬಿಟ್ಟಿಲ್ಲ. ಈ ಕಾಗದವನ್ನು ತೋಫು ಮಾರುವವಳ ಕೈಯಲ್ಲಿ ಗುಟ್ಟಾಗಿ ಅಂಚೆಗೆ ಹಾಕಿಸುತ್ತೇನೆ. ಪಕ್ಕದ ಮನೆಯವರಿಗೆ ಹೇಳಿಕೊಂಡೆ. "ಗಂಡ ಹೆಂಡ್ತಿ ಜಗಳ, ನಮಗ್ಯಾಕಮ್ಮ?" ಅಂದರು. ಅವರು ಸೇತುವೆಯಿಂದ ತಿರುಗಿ ಬರುವವರಲ್ಲ.

ನನಗೆ ತುಂಬಾ ಹೆದರಿಕೆಯಾಗುತ್ತಿದೆ. ನಮ್ಮ ಕತ್ತಿಯವನೇ ಬಂದುಬಿಡುತ್ತಾನೇನೋ ಎಂಬಂತೆ ನಿನ್ನೆಯೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ, ಹುಚ್ಚಿ. ಆಮೇಲೆ ಹೊಳೆಯಿತು. ಪ್ರತಿ ವಾರವೂ ಅವನು ಸೇತುವೆಯಿಂದ ತಿರುಗಿ ಬರುವುದು ಅವನ ನೆರವು ಬೇಡಿದ ಮನೆಯಲ್ಲಿ ಒಬ್ಬರು ಸತ್ತ ಮೇಲೆಯೇ.

ಆ ಒಬ್ಬರು ನೀನಾಗಬೇಡ.